ನರ್ಸ್ ಆಗಿ ಜರ್ಮನಿಗೆ ಬಂದಿದ್ದೇನೆ. ಇಲ್ಲಿ ನಾನು ಯಾರೂ ಅಲ್ಲ ಅನಿಸುತ್ತದೆ. ಇದು ಯಾವತ್ತಾದರೂ ಸರಿಹೋಗುತ್ತಾ?

ನೀವು ಬರೆದದ್ದು ಓದಿ ಸುಮ್ನೆ ಇರಲು ಆಗಲಿಲ್ಲ. ಬಂದು ಏಳು ತಿಂಗಳಾಗಿದೆ, ಸಂಬಳ ಸರಿಯಾಗಿ ಬರುತ್ತಿದೆ, ಯಾರೂ ಕೆಟ್ಟದಾಗಿ ನಡೆಸಿಕೊಂಡಿಲ್ಲ. ಆದರೆ ಊರಲ್ಲಿ ಎಲ್ಲರನ್ನೂ ನಗಿಸುತ್ತಿದ್ದ ನೀವು ಇಲ್ಲಿ ಬಾಯಿಲ್ಲದವರ ಹಾಗೆ ಆಗಿದ್ದೀರಿ, ವಾಪಸ್ ಹೋಗಿಬಿಡಲಾ ಅಂತ ಕೇಳಿದ್ದೀರಿ.

ಸರಿಹೋಗುತ್ತದೆ. ಆದರೆ ವರ್ಷ ಕಳೆದ ಮಾತ್ರಕ್ಕೆ ತಾನಾಗಿ ಸರಿಹೋಗುವುದಿಲ್ಲ. ನಾನು ಸಾಗರದ ಹತ್ತಿರದ ಹಳ್ಳಿಯವಳು. ಮಂಗಳೂರಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ 2017ರಲ್ಲಿ ಇಲ್ಲಿಗೆ ಬಂದೆ. ಈಗ ಸ್ಟುಟ್‌ಗಾರ್ಟ್ ಪಕ್ಕದ ಒಂದು ಆಸ್ಪತ್ರೆಯ ಆರ್ಥೋ ವಾರ್ಡಿನಲ್ಲಿದ್ದೇನೆ.

ಚಳಿ, ರಾತ್ರಿ ಊಟಕ್ಕೆ ತಣ್ಣನೆಯ ಬ್ರೆಡ್ಡು, ಭಾನುವಾರ ಬಾಗಿಲು ಹಾಕುವ ಅಂಗಡಿಗಳು, ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲು. ಹೊರಡುವಾಗ ಎಲ್ಲರೂ ಇದನ್ನೇ ಹೇಳಿ ಹೆದರಿಸುತ್ತಾರೆ. ಇವೆಲ್ಲ ಒಂದೆರಡು ಚಳಿಗಾಲದಲ್ಲಿ ರೂಢಿಯಾಗುತ್ತವೆ. ನಮ್ಮಂಥವರಿಗೆ ಪೆಟ್ಟು ಬೀಳುವುದು ವಾರ್ಡಿನೊಳಗೆ.

ನಮ್ಮಲ್ಲಿ ಪೇಷೆಂಟ್ ಜೊತೆ ಮನೆಯವರು ಯಾರಾದರೂ ಇದ್ದೇ ಇರುತ್ತಾರೆ. ಮೈ ಒರೆಸುವುದು, ಗಂಜಿ ಕುಡಿಸುವುದು, ಬಟ್ಟೆ ಬದಲಿಸುವುದು ಅವರ ಪಾಲಿಗೆ, ಇಲ್ಲಾ ಆಯಾ ಪಾಲಿಗೆ. ಇಂಜೆಕ್ಷನ್, ಡ್ರಿಪ್, ಚಾರ್ಟು ನಮ್ಮ ಪಾಲಿಗೆ. ಇಲ್ಲಿ ಬಂದರೆ ಎಲ್ಲ ಉಲ್ಟಾ. ಮನೆಯವರು ಹೂವು ತಂದಿಟ್ಟು, ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ. ಮೈ ತೊಳೆಯುವುದರಿಂದ ಹಿಡಿದು ಟಾಯ್ಲೆಟ್ಟಿಗೆ ಕರೆದೊಯ್ಯುವ ತನಕ ಎಲ್ಲ ನರ್ಸ್ ಕೆಲಸ. ನಾವು ಕಣ್ಣು ಮುಚ್ಚಿ ಹಾಕುತ್ತಿದ್ದ ಕ್ಯಾನುಲಾವನ್ನು (ಡ್ರಿಪ್‌ಗಾಗಿ ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ) ಇಲ್ಲಿ ಹೆಚ್ಚಿನ ಕಡೆ ಡಾಕ್ಟರೇ ಬಂದು ಹಾಕುತ್ತಾರೆ. ಅದರ ಮೇಲೆ, ನಮ್ಮ ಓದಿಗೆ ಇಲ್ಲಿನ ಮಾನ್ಯತೆ ಸಿಗುವವರೆಗೆ ಸಹಾಯಕಿಯ ಹುದ್ದೆ, ಸಹಾಯಕಿಯ ಸಂಬಳ. ಡಿಗ್ರಿ ಮಾಡಿ ಬಂದು ಆಯಾ ಕೆಲಸ ಮಾಡುವ ಹಾಗಾಯ್ತಲ್ಲ ಅಂತ ಎಷ್ಟೋ ಜನ ಹಾಸ್ಟೆಲ್ಲಿನಲ್ಲಿ ಅಳುವುದನ್ನು ನೋಡಿದ್ದೇನೆ. ನಾನೂ ಅತ್ತಿದ್ದೇನೆ.

ಈಗ ನಾನು ಆ ಕೆಲಸವನ್ನು ಬೇರೆ ಥರ ನೋಡುತ್ತೇನೆ. ಇಲ್ಲಿ ನರ್ಸಿಂಗ್ ಅಂದರೆ ಹೆಚ್ಚಿನವರಿಗೆ ಕಾಲೇಜಿನ ಡಿಗ್ರಿಯಲ್ಲ, ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವ ಮೂರು ವರ್ಷದ ತರಬೇತಿ. ಮೈ ತೊಳೆಯುವುದು ಅದರ ಬುನಾದಿ. ಬೆನ್ನು ಒರೆಸುವಾಗ ಬಾಲದ ಮೂಳೆಯ ಹತ್ತಿರ ಒಂದು ಕೆಂಪು ಕಲೆ ಕಾಣುತ್ತದೆ. ಬೆರಳಿಂದ ಒತ್ತಿ ಬಿಡಬೇಕು. ಒತ್ತಿದಾಗ ಬಿಳಿಯಾದರೆ ಸದ್ಯಕ್ಕೆ ಪರವಾಗಿಲ್ಲ. ಕೆಂಪು ಹಾಗೇ ನಿಂತರೆ ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣು, ಶುರುವಾಗಿದೆ ಅಂತ ಅರ್ಥ. ಇದು ಯಾವ ಚಾರ್ಟಿನಲ್ಲೂ ಮೊದಲು ಕಾಣುವುದಿಲ್ಲ, ತೊಳೆಯುವ ಕೈಗೇ ಮೊದಲು ಸಿಗುವುದು.

ಇನ್ನೊಂದು ಲಾಭವಿದೆ, ನಿಮ್ಮ ಪ್ರಶ್ನೆಗೆ ಅದೇ ಮುಖ್ಯ. ಆ ಹದಿನೈದು ಇಪ್ಪತ್ತು ನಿಮಿಷ ಒಬ್ಬ ವಯಸ್ಸಾದವರು ಎದುರಿಗಿರುತ್ತಾರೆ. ಅವರಿಗೆ ಮಾತಾಡಲು ಬೇರೆ ಯಾರೂ ಇಲ್ಲ, ಅವಸರವೂ ಇಲ್ಲ. ಯಾವ ಕ್ಲಾಸಿನಲ್ಲೂ ಇಂಥ ಮೇಷ್ಟ್ರು ಸಿಗುವುದಿಲ್ಲ. ನನಗೆ ಭಾಷೆ ಬಂದದ್ದೇ ಅಲ್ಲಿ. ಜರ್ಮನ್ ಚೆನ್ನಾಗಿ ಬರುತ್ತದೆ ಅನ್ನುವ ಬಿ2 ಮಟ್ಟದ ಸರ್ಟಿಫಿಕೇಟ್ ಇಟ್ಟುಕೊಂಡು ಬಂದವಳಿಗೆ ಇಲ್ಲಿನ ಶ್ವೇಬಿಷ್ ಆಡುಮಾತು ಒಂದಕ್ಷರ ತಿಳಿಯುತ್ತಿರಲಿಲ್ಲ. ಈ ಕಡೆಯ ಹಿರಿಯರು ಪಾದ ನೋವು ಅಂದರೆ ಸೊಂಟದಿಂದ ಕೆಳಗೆ ಎಲ್ಲಿ ಬೇಕಾದರೂ ಇರಬಹುದು. ಕೈಯಿಟ್ಟು ಕೇಳಿಯೇ ಗೊತ್ತು ಮಾಡಿಕೊಳ್ಳಬೇಕು. ‘ಇದಕ್ಕೆ ನಿಮ್ಮ ಕಡೆ ಏನಂತೀರಿ’ ಅಂತ ಕೇಳಿದರೆ ಅವರ ಮುಖ ಅರಳುತ್ತದೆ. ಒಂದು ಕೇಳಿದರೆ ಹತ್ತು ಹೇಳುತ್ತಾರೆ.

ಇಲ್ಲಿ ಕೇರ್‌ವೊಖೆ ಅಂತ ಒಂದು ಪದ್ಧತಿ ಇದೆ. ಅಪಾರ್ಟ್‌ಮೆಂಟಿನ ಮೆಟ್ಟಿಲನ್ನು ವಾರಕ್ಕೊಂದು ಮನೆಯವರು ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಚಿಕ್ಕ ಬೋರ್ಡು ನೇತು ಹಾಕುತ್ತಾರೆ. ಶ್ವೇಬಿಷ್ ಜನಕ್ಕೆ ಅದು ಬಹಳ ಗಂಭೀರ ವಿಷಯ. ನಮ್ಮ ವಾರ್ಡಿನಲ್ಲಿ ಸೊಂಟದ ಕೀಲು ಬದಲಿಸಿಕೊಂಡ ಒಬ್ಬ ಅಜ್ಜ ಇದ್ದರು. ಮೆಟ್ಟಿಲು ಹತ್ತುವ ಅಭ್ಯಾಸಕ್ಕೆ ಏಳಲು ಒಪ್ಪಲೇ ಇಲ್ಲ. ಫಿಸಿಯೋದವರು ಹೇಳಿ ಸಾಕಾದರು. ನಾನು ಅವರದೇ ಮಾತಿನ ಧಾಟಿಯಲ್ಲಿ ‘ಏಳಿ, ಈ ವಾರ ಕೇರ್‌ವೊಖೆ ನಿಮ್ಮದು, ಬೋರ್ಡು ಆಗಲೇ ಹಾಕಿಯಾಯ್ತು’ ಅಂದೆ. ಅಜ್ಜ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಪಕ್ಕದ ಮಂಚದವರೂ ನಕ್ಕರು. ಎದ್ದು ನಿಂತರು. ಊರಲ್ಲಿ ಇದ್ದ ನಾನು ಅವತ್ತು ನನಗೆ ವಾಪಸ್ ಸಿಕ್ಕಿದಳು. ಜರ್ಮನ್ನರ ಕಣ್ಣಿಗೆ ಅಲ್ಲಿಯವರೆಗೆ ನಾನು ಸೌಮ್ಯ ಸ್ವಭಾವದ, ಕಡಿಮೆ ಮಾತಿನ ಹುಡುಗಿ. ನಮ್ಮ ಮನೆಯಲ್ಲಿ ಯಾರಿಗೆ ಹೇಳಿದರೂ ನಂಬಲಿಕ್ಕಿಲ್ಲ.

ಅದಕ್ಕೇ ಹೇಳುವುದು, ನೀವು ಕಳೆದುಕೊಂಡದ್ದು ನಿಮ್ಮತನವನ್ನಲ್ಲ. ಅದನ್ನು ಹೊರಗೆ ತರುವ ಮಾತು ಇನ್ನೂ ಕೈಗೆ ಬಂದಿಲ್ಲ, ಅಷ್ಟೇ. ಏಳು ತಿಂಗಳಿಗೆ ಯಾರಿಗೂ ಬರುವುದಿಲ್ಲ.

ಹೆಸರಿನ ಕಥೆ ನಿಮಗೂ ಆಗಿರಬೇಕು, ಅಲ್ವಾ? ನಮ್ಮ ಕಡೆಯವರಿಗೆ ಮನೆತನದ ಹೆಸರು ಇರುವುದೇ ಕಡಿಮೆ. ಪಾಸ್‌ಪೋರ್ಟಿನ ಆ ಜಾಗದಲ್ಲಿ ನನಗಿರುವುದು ಅಪ್ಪನ ಹೆಸರು. ಹಾಗಾಗಿ ಪೇಷೆಂಟುಗಳಿಗೆಲ್ಲ ನಾನು ‘ಫ್ರೌ ಮಂಜಪ್ಪ’, ಅಂದರೆ ಶ್ರೀಮತಿ ಮಂಜಪ್ಪ. ಮೊದಲು ಇದು ನಾನಲ್ಲ ಅನಿಸುತ್ತಿತ್ತು. ಅಪ್ಪ ತೀರಿಕೊಂಡ ವರ್ಷ ಕೊನೆಗಾಲದಲ್ಲಿ ನಾನು ಹತ್ತಿರ ಇರಲಿಲ್ಲ. ತಿಥಿ ಮುಗಿಸಿ ಬಂದು ಡ್ಯೂಟಿಗೆ ಹೋದರೆ ಬೆಳಗಿಂದ ಸಂಜೆ ತನಕ ಅವರ ಹೆಸರೇ ಕಿವಿಗೆ ಬೀಳುತ್ತಿತ್ತು. ಆಮೇಲೆ ಆ ಬ್ಯಾಡ್ಜ್ ಬದಲಿಸುವ ಯೋಚನೆ ಮಾಡಲಿಲ್ಲ.

ಕೆಟ್ಟದ್ದೂ ಆಗುತ್ತದೆ, ಮುಚ್ಚಿಡುವುದಿಲ್ಲ. ‘ನೀನು ಮುಟ್ಟಬೇಡ, ಜರ್ಮನ್ ನರ್ಸ್ ಕಳಿಸು’ ಅಂದವರು ಇದ್ದಾರೆ. ನುಂಗಿಕೊಂಡು ಹೋಗಬೇಡಿ. ಅವತ್ತೇ ವಾರ್ಡ್ ಇನ್‌ಚಾರ್ಜಿಗೆ ಹೇಳಿ, ತಾರೀಖು ಹಾಕಿ ಬರೆದಿಡಿ. ಜನಾಂಗ, ಧರ್ಮದ ಹೆಸರಿನಲ್ಲಿ ಭೇದ ಮಾಡುವುದರ ವಿರುದ್ಧ ಇಲ್ಲಿ 2006ರಿಂದ ಕಾನೂನು ಇದೆ. ಕೆಲಸ ಕೊಟ್ಟವರು ನಮ್ಮನ್ನು ಅದರಿಂದ ಕಾಪಾಡಲೇಬೇಕು.

ನನಗೆ ಇದನ್ನು ಹೇಳಿಕೊಟ್ಟದ್ದು ಟರ್ಕಿ ಮೂಲದ ಒಬ್ಬ ಸಹೋದ್ಯೋಗಿ. 1961ರಲ್ಲಿ ಜರ್ಮನಿ ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿತು, ಆಗ ಅವಳ ಅಜ್ಜ ಬಂದದ್ದು. ಸ್ವಲ್ಪ ವರ್ಷ ದುಡಿದು ವಾಪಸ್ ಹೋಗುತ್ತಾರೆ ಅಂತ ಎಲ್ಲರ ಲೆಕ್ಕ. 1973ರಲ್ಲಿ ಕರೆಸುವುದು ನಿಂತಿತು, ಬಂದವರಲ್ಲಿ ತುಂಬ ಜನ ಇಲ್ಲೇ ಉಳಿದರು. ಅದೇ ಅರವತ್ತರ ದಶಕದಲ್ಲಿ ಕೇರಳದ ಹುಡುಗಿಯರೂ ಚರ್ಚುಗಳ ಮೂಲಕ ನರ್ಸಿಂಗಿಗೆ ಬಂದಿದ್ದರು. ನಾವೇ ಮೊದಲಿಗರಲ್ಲ. ಈ ಗೆಳತಿ ಹುಟ್ಟಿದ್ದು ಇಲ್ಲೇ, ಅಪ್ಪಟ ಶ್ವೇಬಿಷ್ ಮಾತಾಡುತ್ತಾಳೆ. ಆದರೂ ‘ನಿಜವಾಗಿ ಎಲ್ಲಿಯವಳು’ ಅಂತ ಅವಳನ್ನು ಈಗಲೂ ಕೇಳುತ್ತಾರೆ. ವಿದೇಶಿಯರ ಮಕ್ಕಳಿಗೆ ಹುಟ್ಟಿನಿಂದಲೇ ಪೌರತ್ವ ಸಿಗುವ ದಾರಿ ತೆರೆದದ್ದೇ 2000ದಲ್ಲಿ. ಅದಕ್ಕಿಂತ ಮೊದಲು ಹುಟ್ಟಿದ ಅವಳು ಅರ್ಜಿ ಹಾಕಿ ಪಡೆದುಕೊಂಡಳು. ‘ನೀನು ನಮ್ಮವಳು ಅಂತ ಜರ್ಮನಿ ಬಂದು ಹೇಳಲಿ ಅಂತ ನಾನು ಕಾಯುವುದಿಲ್ಲ, ಈ ವಾರ್ಡ್ ನನ್ನದು’ ಅನ್ನುತ್ತಾಳೆ. ಅವಳ ಮಾತು ನನಗೆ ಸರಿ ಅನಿಸಿದೆ. ಇಡೀ ದೇಶ ನಮ್ಮದು ಅನಿಸಬೇಕಾಗಿಲ್ಲ. ನೀವು ರಜೆ ಹಾಕಿದ ದಿನ ‘ಎಲ್ಲಿ ಅವಳು’ ಅಂತ ಕೇಳುವ ನಾಲ್ಕು ಜನ ಇದ್ದರೆ ಬದುಕು ನಡೆಯುತ್ತದೆ.

ಆ ನಾಲ್ಕು ಜನ ಆಗುವುದೂ ಸಣ್ಣ ಸಣ್ಣ ವಿಷಯದಲ್ಲೇ. ಹುಟ್ಟುಹಬ್ಬದವರೇ ಇಲ್ಲಿ ತಿಂಡಿ ತರಬೇಕು, ನೀವು ಚಿತ್ರಾನ್ನ ಮಾಡಿಕೊಂಡು ಹೋಗಿ. ಕ್ರಿಸ್‌ಮಸ್ ರಾತ್ರಿಯ ಡ್ಯೂಟಿ ನೀವೇ ಕೇಳಿ ತೆಗೆದುಕೊಳ್ಳಿ, ದೀಪಾವಳಿಗೆ ರಜೆ ಕೇಳಲು ಧೈರ್ಯ ಬರುತ್ತದೆ. ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವಕ್ಕೆ ಖಂಡಿತ ಹೋಗಿ, ಮನಸ್ಸು ಹಗುರಾಗುತ್ತದೆ. ಆದರೆ ರಜೆಯನ್ನೆಲ್ಲ ಅಲ್ಲೇ ಕಳೆದರೆ ಜರ್ಮನ್ ನಾಲಿಗೆಗೆ ಹತ್ತುವುದಿಲ್ಲ.

ಪಾಸ್‌ಪೋರ್ಟ್ ಬಗ್ಗೆಯೂ ಕೇಳಿದ್ದಿರಿ. 2024ರ ಜೂನ್‌ನಿಂದ ಜರ್ಮನಿ ಐದು ವರ್ಷಕ್ಕೇ ಪೌರತ್ವ ಕೊಡುತ್ತದೆ, ಹಳೆಯದನ್ನು ಬಿಡು ಅನ್ನುವುದಿಲ್ಲ. ಆದರೆ ನಮ್ಮ ದೇಶದ ಕಾನೂನು ಎರಡನ್ನು ಒಪ್ಪುವುದಿಲ್ಲ, ಜರ್ಮನ್ ಪೌರತ್ವ ಪಡೆದರೆ ಭಾರತದ್ದು ಹೋಗುತ್ತದೆ. ಆಮೇಲೆ ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಬಹುದು, ಆದರೆ ವೋಟು ಇಲ್ಲ, ಹೊಸದಾಗಿ ತೋಟ ಗದ್ದೆ ಕೊಳ್ಳುವ ಹಾಗಿಲ್ಲ. ನಾನಿನ್ನೂ ಅರ್ಜಿ ಹಾಕಿಲ್ಲ. ನಿಮಗೆ ಈಗಲೇ ಅದರ ಚಿಂತೆ ಬೇಡ.

ವಾಪಸ್ ಹೋಗುವುದು ಸೋಲಲ್ಲ, ನನ್ನ ಜೊತೆ ಬಂದವರಲ್ಲಿ ಹೋಗಿ ಚೆನ್ನಾಗಿರುವವರು ಇದ್ದಾರೆ. ಆದರೆ ಮಾನ್ಯತೆಯ ಪರೀಕ್ಷೆ ಮುಗಿಸುವ ಮೊದಲು ನಿರ್ಧಾರ ಮಾಡಬೇಡಿ. ಸಹಾಯಕಿಯಾಗಿ ನೋಡಿದ ವಾರ್ಡೇ ಬೇರೆ, ಪೂರ್ತಿ ನರ್ಸ್ ಆಗಿ ನೋಡುವ ವಾರ್ಡೇ ಬೇರೆ. ನಡುವೆ ನಿದ್ದೆ ಬಾರದೆ, ಊಟ ಸೇರದೆ ವಾರಗಟ್ಟಲೆ ಹಾಗೇ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಇನ್ಶೂರೆನ್ಸ್ ಇದಕ್ಕೂ ಇದೆ.

ಯಾವ ಊರಲ್ಲಿದ್ದೀರಿ, ಪರೀಕ್ಷೆ ಯಾವಾಗ ಅಂತ ತಿಳಿಸಿ. ನಾನು ಓದಿದ ನೋಟ್ಸ್ ಇದೆ, ವಾರ್ಡಿನಲ್ಲಿ ಕೇಳಿಬರುವ ಶ್ವೇಬಿಷ್ ಮಾತುಗಳ ಪಟ್ಟಿಯೂ ಇದೆ. ಎರಡನ್ನೂ ಕಳಿಸುತ್ತೇನೆ.