ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದರೆ ಸಾಕೇ?

ಶಿರಸಿ ಹತ್ತಿರದ ಹಳ್ಳಿಯಿಂದ ಯಕ್ಷಗಾನ ಮಂಡಳಿಯೊಂದರ ಖಜಾಂಚಿ ಬರೆದಿದ್ದಾರೆ. ಮಂಡಳಿ ನೋಂದಣಿಯಾಗಿ 7 ವರ್ಷವಾಯಿತು, ಒಮ್ಮೆಯೂ ಲೆಕ್ಕ ಸಲ್ಲಿಸಿಲ್ಲ. ಈ ಸಲದ ಆಟದಲ್ಲಿ ಖರ್ಚು ಕಳೆದು 40,000 ರೂಪಾಯಿ ಉಳಿದಿದೆ. 'ಲಾಭ ಮಾಡಬಾರದ ಸಂಘ ಅಲ್ವಾ, ಹಂಚಿಬಿಡೋಣ' ಎನ್ನುತ್ತಾರಂತೆ ಕೆಲವರು. ಅಮೆರಿಕದಲ್ಲಿರುವ ಊರವರೊಬ್ಬರು ವೇಷಭೂಷಣಕ್ಕೆ 2 ಲಕ್ಷ ಕೊಡಲು ಮುಂದೆ ಬಂದಿದ್ದಾರೆ. ಏನು ಮಾಡಲಿ ಎಂಬುದು ಅವರ ಪ್ರಶ್ನೆ.

ಖಜಾಂಚಿಗಳೇ, ಉಳಿತಾಯ ಮಾಡಿದ್ದು ತಪ್ಪಲ್ಲ. ಹಂಚಿಕೊಂಡರೆ ತಪ್ಪು. ಭಾಗವತರಿಗೆ, ವೇಷಧಾರಿಗಳಿಗೆ ದುಡಿಮೆಗೆ ತಕ್ಕ ಸಂಭಾವನೆ ಧಾರಾಳವಾಗಿ ಕೊಡಿ. ಆದರೆ ಸದಸ್ಯರು ಎಂಬ ಕಾರಣಕ್ಕೆ ಪಾಲು ಕೊಡುವಂತಿಲ್ಲ. ನಾಳೆ ಮಂಡಳಿಯನ್ನೇ ಮುಚ್ಚಿದರೂ ಉಳಿದ ಆಸ್ತಿ ಸದಸ್ಯರ ಮನೆಗೆ ಹೋಗುವುದಿಲ್ಲ.

ನಿಜವಾದ ತೊಂದರೆ ಆ 7 ವರ್ಷದ್ದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ನಡೆಸಬೇಕು. ಸಭೆಯಾದ 14 ದಿನದೊಳಗೆ ಕಾರ್ಯಕಾರಿ ಸಮಿತಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಮ್ಮ ಕಡೆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಗಣಪತಿ ಫೋಟೋದ ಪಕ್ಕ ತೂಗುಹಾಕಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಜಾಸ್ತಿ. 'ಹಳೇ ತಾರೀಖು ಹಾಕಿ ಠರಾವು ಬರೆಯೋಣವೇ' ಎಂದೂ ಕೇಳಿದ್ದೀರಿ. ಬೇಡ ಮಾರಾಯರೇ. 7 ವರ್ಷದ ಠರಾವು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿದ್ದರೆ ಯಾರಿಗೆ ತಿಳಿಯುವುದಿಲ್ಲ? ಇರುವ ರಶೀದಿ, ಬ್ಯಾಂಕ್ ಪಾಸ್‌ಬುಕ್ ಕಟ್ಟಿಕೊಂಡು ಆಡಿಟರ ಹತ್ತಿರ ಹೋಗಿ. ಈಗ ಸಭೆ ಕರೆಯಿರಿ, ಆದದ್ದನ್ನು ಆದ ಹಾಗೆ ಬರೆಯಿರಿ, ದಂಡ ಬಿದ್ದರೆ ಕಟ್ಟಿ.

ಇನ್ನು ಅಮೆರಿಕದ ದುಡ್ಡು. ಮೊದಲು ಕೇಳಬೇಕಾದ್ದು ಒಂದೇ: ಅವರ ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ್ದಾಗಿದ್ದು, ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಭಟ್ಕಳದಿಂದ ಗಲ್ಫಿಗೆ ಹೋದವರ ವಿಷಯದಲ್ಲೂ ಇದೇ ಮಾತು. ಪಾಸ್‌ಪೋರ್ಟಿನ ಪ್ರತಿ ಒಂದು ಇಟ್ಟುಕೊಳ್ಳಿ. ಅವರು ಅಲ್ಲಿಯ ಪೌರರಾಗಿದ್ದರೆ ಕತೆ ಬೇರೆ. ಹುಟ್ಟಿದ್ದು ಶಿರಸಿಯಲ್ಲೇ ಆದರೂ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಇದ್ದರೂ ಅವರ ಹಣ ವಿದೇಶಿ ದೇಣಿಗೆಯೇ. 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯದಲ್ಲಿ ನೋಂದಣಿ ಬೇಕು, ಇಲ್ಲವೇ ಆ ಒಂದು ದೇಣಿಗೆಗೆ ಮುಂಗಡ ಅನುಮತಿ ಬೇಕು. ಹಣ ಬರಬೇಕಾದ ಖಾತೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯದು, ನಿಮ್ಮ ಊರಿನ ಬ್ಯಾಂಕಿನದಲ್ಲ. ನೋಂದಣಿಗೆ ಹಿಂದಿನ 3 ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರಬೇಕು ಎಂಬ ಷರತ್ತೂ ಇದೆ. ವರ್ಷಕ್ಕೊಂದು ಆಟ ಆಡಿಸುವವರಿಗೆ ಇದು ದೂರದ ಮಾತು.

ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುತ್ತದೆಯೇ ಎಂದಿರಿ. ಸುಮ್ನೆ ಸಿಗುವುದಿಲ್ಲ. ಆದಾಯ ತೆರಿಗೆ ಇಲಾಖೆಯಲ್ಲಿ ಬೇರೆಯೇ ನೋಂದಣಿ ಬೇಕು. ಅದಾದ ಮೇಲೂ 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ವಿನಾಯಿತಿ ಇಲ್ಲ. ಅಡಿಕೆ ಮಾರಿದ ಕೈಯಲ್ಲೇ ನೋಟು ಎಣಿಸಿ ಕೊಡುವ ಹಿರಿಯರಿಗೆ ಇದನ್ನು ಹೇಗೆ ಹೇಳುತ್ತೀರೋ, ಅದು ನಿಮಗೆ ಬಿಟ್ಟದ್ದು.