ಮರಳಿನೊಳಗೆ ಹೋದ ಏಡಿಯನ್ನು ದಯವಿಟ್ಟು ಅಗೆಯಬೇಡಿ

ನಮಸ್ಕಾರ. ಹುಬ್ಬಳ್ಳಿಯ ನಿಮ್ಮ ಮನೆಯಲ್ಲಿ ಮಗಳು ಸಾಕಿರುವ ನೆಲದ ಹರ್ಮಿಟ್ ಏಡಿ (ಖಾಲಿ ಶಂಖದ ಚಿಪ್ಪನ್ನು ಹೊತ್ತು ಬದುಕುವ ಏಡಿ) ಎರಡು ವಾರಗಳಿಂದ ಮರಳಿನೊಳಗೆ ಹುದುಗಿದೆ, ಅಗೆದು ನೋಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಅಗೆಯಬೇಡಿ. ಅದು ಬಹುಶಃ ಪೊರೆ ಬಿಡುತ್ತಿದೆ. ಹಳೆಯ ಹೊರಕವಚವನ್ನು ಕಳಚಿ, ಅದನ್ನೇ ತಿಂದು, ಅದರ ಸುಣ್ಣದಂಶದಿಂದ ಹೊಸ ಕವಚವನ್ನು ಗಟ್ಟಿ ಮಾಡಿಕೊಳ್ಳುವ ಈ ಕೆಲಸಕ್ಕೆ ದೊಡ್ಡ ಏಡಿಗಳು ಎರಡು ತಿಂಗಳು ತೆಗೆದುಕೊಳ್ಳುವುದೂ ಉಂಟು. ಆಗ ಮೈ ತೀರಾ ಮೆತ್ತಗಿರುವುದರಿಂದ ಸಣ್ಣ ಪೆಟ್ಟೂ ಪ್ರಾಣಕ್ಕೆ ಎರವಾಗಬಹುದು. ಕೊಳೆತ ಮೀನಿನಂಥ ದುರ್ವಾಸನೆ ಬಂದರೆ ಮಾತ್ರ ಸತ್ತಿರಬಹುದೆಂದು ಶಂಕಿಸಿ.

ನನಗೆ ಹೆಚ್ಚು ಆತಂಕ ತಂದದ್ದು ನಿಮ್ಮ ಗಾಜಿನ ತೊಟ್ಟಿಯ ಜಾಲರಿ ಮುಚ್ಚಳ. ಈ ಏಡಿಗಳು ನೆಲದ ಮೇಲೆ ಬದುಕಿದರೂ ಉಸಿರಾಡುವುದು ಮಾರ್ಪಟ್ಟ ಕಿವಿರುಗಳಿಂದ. ಗಾಳಿಯ ತೇವಾಂಶ ಶೇ. 80ರ ಆಸುಪಾಸಿನಲ್ಲಿ ಇರದಿದ್ದರೆ ಕಿವಿರುಗಳು ಒಣಗಿ, ಅವು ನಿಧಾನವಾಗಿ ಉಸಿರುಗಟ್ಟುತ್ತವೆ. ಕಾರವಾರದ ಕಡಲಗಾಳಿಯಲ್ಲಿ ಇದು ದೊಡ್ಡ ಚಿಂತೆಯಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದ ಬೇಸಿಗೆಯ ಒಣಹವೆಯಲ್ಲಿ ಮಾತ್ರ ಜೀವನ್ಮರಣದ ಪ್ರಶ್ನೆ. ತೊಟ್ಟಿಯನ್ನು ಕದಲಿಸದೆ, ಜಾಲರಿಯ ಬಹುಭಾಗವನ್ನು ಇಂದೇ ಗಾಜಿನಿಂದ ಮುಚ್ಚಿ.

ಕ್ಲೋರಿನ್ ತೆಗೆದ ಸಿಹಿನೀರಿನ ಜೊತೆಗೆ ಅಕ್ವೇರಿಯಂಗೆಂದೇ ಮಾರುವ ಸಮುದ್ರದ ಉಪ್ಪನ್ನು ಬೆರೆಸಿದ ನೀರನ್ನೂ ಇಡಿ. ಅಡುಗೆ ಉಪ್ಪು ಬೇಡ.

ಇನ್ನೊಂದು ಏಡಿ ತರುವ ಬಗ್ಗೆಯೂ ಕೇಳಿದ್ದೀರಿ. ಇವುಗಳ ಮರಿಗಳು ಮೊದಲು ಸಮುದ್ರದಲ್ಲೇ ಬೆಳೆಯಬೇಕಾದ್ದರಿಂದ ಅಂಗಡಿಗೆ ಬರುವವು ಬಹುತೇಕ ಕಡಲತೀರದಿಂದ ಹಿಡಿದು ತಂದವೇ. ಆದ್ದರಿಂದ ತರಬೇಡಿ ಎಂದೇ ಹೇಳುತ್ತೇನೆ.