ಪೆಟ್ರೋಲ್ ಹಾಕಿಸಿದ ಮೇಲೆ ಚೆಕ್ ಇಂಜಿನ್ ದೀಪ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು 2018ರ ಪೆಟ್ರೋಲ್ ಕಾರು, ಬಿಎಸ್-4. ಟ್ಯಾಂಕ್ ಫುಲ್ ಮಾಡಿಸಿದಾಗಲೆಲ್ಲ ಬಂಕಿನಲ್ಲೇ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಆಕ್ಸಿಲರೇಟರ್ ಒತ್ತಿ ಸೆಲ್ಫ್ ಹೊಡೆದರೆ ಶುರುವಾಗಿ, ಅರ್ಧ ನಿಮಿಷ ಗಡಗಡ ಎಂದು ಸರಿಹೋಗುತ್ತದೆ. ಐನೂರು ರೂಪಾಯಿಯದು ಹಾಕಿಸಿದರೆ ಈ ತೊಂದರೆ ಕಡಿಮೆ. ಈ ಸಲ ಚೆಕ್ ಇಂಜಿನ್ ದೀಪವೂ ಹತ್ತಿದೆ. ಯೂಟ್ಯೂಬಿನಲ್ಲಿ ಹೇಳಿದಂತೆ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿದೆ, ದೀಪ ಆರಲಿಲ್ಲ. ಗ್ಯಾರೇಜಿನವರು ಪೆಟ್ರೋಲೇ ಕಲಬೆರಕೆ ಎನ್ನುತ್ತಾರೆ.
– ಓದುಗರು, ಸೇಡಂ ರಸ್ತೆ, ಕಲಬುರಗಿ

ಉತ್ತರ: ಪೆಟ್ರೋಲಿನ ಮೇಲೆ ತಪ್ಪು ಹೊರಿಸುವ ಮೊದಲು ತೊಂದರೆ ಯಾವಾಗ ಶುರುವಾಯಿತು ಎಂಬುದನ್ನು ನೋಡಬೇಕು. ಬಂಕಿನಲ್ಲಿ ಸ್ಟಾರ್ಟ್ ಮಾಡುವಾಗ ಇಂಜಿನ್ ಸುಡುವುದು ಪೈಪಿನಲ್ಲಿ ಮೊದಲೇ ಇದ್ದ ಹಳೆಯ ಪೆಟ್ರೋಲನ್ನು. ಹೊಸದು ಕೆಟ್ಟಿದ್ದರೆ ಅದು ಗೊತ್ತಾಗುವುದು ಸ್ವಲ್ಪ ದೂರ ಓಡಿಸಿದ ಮೇಲೆ. ನಿಮ್ಮ ಕಾರು ಅಲ್ಲೇ ಸತಾಯಿಸಿ ಅರ್ಧ ನಿಮಿಷದಲ್ಲಿ ಸರಿಹೋಗುತ್ತಿದೆ. ಇದು ಪೆಟ್ರೋಲ್ ಆವಿಯ ಕೆಲಸ. ಮೊದಲ ಅನುಮಾನ ಪರ್ಜ್ ವಾಲ್ವಿನ ಮೇಲೆ.

ಟ್ಯಾಂಕಿನ ಆವಿ ಇದ್ದಿಲು ತುಂಬಿದ ಕ್ಯಾನಿಸ್ಟರಿನಲ್ಲಿ ಸೇರಿಕೊಳ್ಳುತ್ತದೆ. ಇಂಜಿನ್ ಬಿಸಿಯಾದ ಮೇಲೆ ಪರ್ಜ್ ವಾಲ್ವ್ ತೆರೆದು ಅದನ್ನು ಇಂಜಿನ್ನಿಗೆ ಬಿಡುತ್ತದೆ. ವಾಲ್ವ್ ತೆರೆದೇ ಸಿಕ್ಕಿಕೊಂಡರೆ, ಟ್ಯಾಂಕ್ ತುಂಬುವಾಗ ಒತ್ತರಿಸಿ ಬಂದ ಆವಿಯೆಲ್ಲ ಸ್ಟಾರ್ಟ್ ಮಾಡುವಾಗಲೇ ಇಂಜಿನ್ನಿಗೆ ನುಗ್ಗಿ ಮಿಶ್ರಣ ಕೆಡಿಸುತ್ತದೆ. ಕಡಿಮೆ ಹಾಕಿಸಿದರೆ ಆವಿಯೂ ಕಡಿಮೆ, ಹಾಗಾಗಿ ಆಗ ತೊಂದರೆಯೂ ಕಡಿಮೆ.

ಮುಚ್ಚಳದ ಸಲಹೆ ಅಮೆರಿಕದ ಕಾರುಗಳದು. ಅಲ್ಲಿ ಟ್ಯಾಂಕಿನ ಆವಿ ಸೋರಿದರೂ ಪತ್ತೆ ಹಚ್ಚಿ ದೀಪ ಹಚ್ಚುವ ವ್ಯವಸ್ಥೆ ಕಡ್ಡಾಯ. ನಮ್ಮ ನಿಯಮಗಳು ಯುರೋಪಿನ ಮಾದರಿಯವು. ಇಲ್ಲಿನ ಬಹುತೇಕ ಕಾರುಗಳಲ್ಲಿ ಆ ವ್ಯವಸ್ಥೆ ಇಲ್ಲ. ಸ್ಕ್ಯಾನರಿನಲ್ಲಿ ಆವಿ ಸೋರಿಕೆಯ ದೋಷ ಕೋಡುಗಳಾದ ಪಿ0455 ಅಥವಾ ಪಿ0457 ಬಂದರೆ ಮಾತ್ರ ಮುಚ್ಚಳದ ರಬ್ಬರ್ ನೋಡಿ.

ಮೊದಲು ಕೋಡ್ ಓದಿಸಿ, ಬರೆದಿಟ್ಟುಕೊಳ್ಳಿ. ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ ಹಾಕುವ ಬ್ಲೂಟೂತ್ ಸ್ಕ್ಯಾನರ್ ಸಾಕು. ಓದದೆ ಬ್ಯಾಟರಿ ಟರ್ಮಿನಲ್ ಕೀಳಲು ಬಿಡಬೇಡಿ: ದೀಪ ಹತ್ತಿದ ಕ್ಷಣದ ವೇಗ, ಇಂಜಿನ್ ಬಿಸಿ, ಫ್ಯುಯೆಲ್ ಟ್ರಿಮ್ (ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ಎಲ್ಲ ಅಳಿಸಿಹೋಗುತ್ತವೆ. ನಿಮ್ಮ ಲಕ್ಷಣಕ್ಕೆ ಪಿ0172 ಬರುವ ಸಾಧ್ಯತೆ ಹೆಚ್ಚು, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿ. ಪಿ0300 ಮಿಸ್‌ಫೈರ್ ಕೋಡೂ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಬರಬಹುದು.

ಆಮೇಲೆ ವಾಲ್ವ್ ಪರೀಕ್ಷೆ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ ಐಡಲಿನಲ್ಲಿ ಬಿಡಿ. ವಾಲ್ವಿನ ಎರಡು ವೈರಿನ ಕಪ್ಲರ್ ತೆಗೆಯಿರಿ (ಇದಕ್ಕೇ ಇನ್ನೊಂದು ಕೋಡ್ ಬೀಳಬಹುದು, ಗಾಬರಿ ಬೇಡ). ಕ್ಯಾನಿಸ್ಟರಿನ ಕಡೆಯಿಂದ ಬರುವ ಪೈಪ್ ಬಿಡಿಸಿ, ವಾಲ್ವಿನ ಬಾಯಿಗೆ ಬೆರಳಿಡಿ. ಕರೆಂಟ್ ಇಲ್ಲದಾಗ ವಾಲ್ವ್ ಮುಚ್ಚಿಕೊಂಡಿರಬೇಕು. ಬೆರಳನ್ನು ಒಳಗೆಳೆಯುತ್ತಿದ್ದರೆ ವಾಲ್ವ್ ಹೋಗಿದೆ, ಬದಲಾಯಿಸಿ. ಬದಲಾಯಿಸುವಾಗ ಪೈಪಿನೊಳಗೆ ಬಟ್ಟೆ ತೂರಿಸಿ ನೋಡಿ: ಕಪ್ಪು ಪುಡಿ ಅಂಟಿದರೆ ಕ್ಯಾನಿಸ್ಟರಿನ ಇದ್ದಿಲು ಒಡೆದು ಬರುತ್ತಿದೆ. ಆಗ ಕ್ಯಾನಿಸ್ಟರನ್ನೂ ಬದಲಿಸಿ ಪೈಪಿಗೆ ಕಂಪ್ರೆಸರ್ ಗಾಳಿ ಹೊಡೆಸಬೇಕು, ಇಲ್ಲದಿದ್ದರೆ ಹೊಸ ವಾಲ್ವೂ ಸಿಕ್ಕಿಕೊಳ್ಳುತ್ತದೆ.

ಇದ್ದಿಲು ಹಾಳಾಗುವುದಕ್ಕೆ ದೊಡ್ಡ ಕಾರಣ ನಾಝಲ್ ಕಟ್ ಆದ ಮೇಲೂ ತುಂಬಿಸುವುದು. ‘ರೌಂಡ್ ಫಿಗರ್ ಮಾಡ್ರಿ’ ಎಂದು ಕೇಳಲೇಬೇಡಿ. ನೆಲದಡಿಯ ಟ್ಯಾಂಕಿನಿಂದ ಬಂದ 40 ಲೀಟರ್ ಪೆಟ್ರೋಲ್ ಕಲಬುರಗಿಯ ಮೇ ಬಿಸಿಲಿನಲ್ಲಿ 12 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ಅರ್ಧ ಲೀಟರ್ ಹಿಗ್ಗುತ್ತದೆ. ಅದಕ್ಕೆ ಬಿಟ್ಟ ಜಾಗವನ್ನೂ ತುಂಬಿಬಿಟ್ಟರೆ ಪೆಟ್ರೋಲ್ ಹಸಿಹಸಿಯಾಗಿಯೇ ಕ್ಯಾನಿಸ್ಟರಿಗೆ ಹೋಗುತ್ತದೆ.

ದುರಸ್ತಿಯಾದ ಮೇಲೆ ಕೋಡ್ ಅಳಿಸದಿದ್ದರೂ, ಸತತ ಮೂರು ಡ್ರೈವಿಂಗ್ ಸೈಕಲ್ (ಸ್ಟಾರ್ಟ್ ಮಾಡಿ, ಓಡಿಸಿ, ಆಫ್ ಮಾಡುವುದು ಒಂದು ಸೈಕಲ್) ದೋಷ ಕಾಣದಿದ್ದರೆ ದೀಪ ತಾನೇ ಆರುತ್ತದೆ.

ಪ್ರಶ್ನೆ: ಜೋರು ಮಳೆಯಾದ ಮರುದಿನ ಪೆಟ್ರೋಲ್ ಹಾಕಿಸಿ ನಾಲ್ಕೈದು ಕಿಲೋಮೀಟರ್ ಹೋಗುವಷ್ಟರಲ್ಲಿ ಕಾರು ಜಗ್ಗತೊಡಗಿತು, ಇಂಜಿನ್ ದೀಪ ಮಿಟುಕುತ್ತಿತ್ತು. ಹಾಗೇ ಓಡಿಸಿ ಖಾಲಿ ಮಾಡಬಹುದೇ?
– ಓದುಗರು, ಹುಮನಾಬಾದ್, ಬೀದರ್ ಜಿಲ್ಲೆ

ಉತ್ತರ: ಖಂಡಿತ ಬೇಡ. ಮಿಟುಕುವ ದೀಪ ಎಂದರೆ ಮಿಸ್‌ಫೈರ್. ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಅಲ್ಲಿ ಉರಿದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕರಗಬಹುದು. ಆಗ ಖರ್ಚು ಎಷ್ಟೋ ಪಟ್ಟು ಬೆಳೆಯುತ್ತದೆ. ಕಾರು ನಿಲ್ಲಿಸಿ, ಟೋ ಮಾಡಿಸಿ.

ನಿಮ್ಮದರಲ್ಲಿ ಪೆಟ್ರೋಲಿಗೆ ನೀರು ಸೇರಿರುವ ಅನುಮಾನ ಬಲವಾಗಿದೆ. ಪೆಟ್ರೋಲಿಗೆ ಬೆರೆಸುವ ಎಥನಾಲ್ ಸ್ವಲ್ಪ ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಪಂಪ್ ಎಳೆಯುವುದೂ ತಳದಿಂದಲೇ. ಟ್ಯಾಂಕಿನ ತಳದ ಪೆಟ್ರೋಲನ್ನು ಸ್ವಚ್ಛ ಗಾಜಿನ ಬಾಟಲಿಗೆ ತೆಗೆಸಿ ಅರ್ಧ ಗಂಟೆ ಅಲುಗಿಸದೆ ಇಡಿ. ಕೆಳಗೆ ಬೇರೆ ಪದರ ಕೂತರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ಫಿಲ್ಟರ್ ಬದಲಿಸಿ, ಪೈಪ್ ತೊಳೆಸಿ. ಬಿಲ್ಲು, ಬಾಟಲಿ ಎರಡನ್ನೂ ಇಟ್ಟುಕೊಂಡು ಆಯಿಲ್ ಕಂಪನಿಗೆ ದೂರು ಕೊಡಿ. ಫಿಲ್ಟರ್ ಪೇಪರ್ ಪರೀಕ್ಷೆ, ಡೆನ್ಸಿಟಿ ಪರೀಕ್ಷೆ ಬಂಕಿನಲ್ಲಿ ಕೇಳಿ ಮಾಡಿಸಿಕೊಳ್ಳುವುದು ನಿಮ್ಮ ಹಕ್ಕು.

ಪ್ರಶ್ನೆ: ಹಳೆಯ ಕಾರಿಗೆ ಇ20 ಹಾಕಿಸಿದ್ದರಿಂದಲೇ ಪಿ0171 ಬಂದಿದೆ ಎನ್ನುತ್ತಾರೆ. ನಿಜವೇ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಪಿ0171 ಎಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ; ಇ20 ಎಂದರೆ 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್. ಅದೊಂದರಿಂದಲೇ ಈ ಕೋಡ್ ಬರುವುದು ಕಷ್ಟ. ಅಷ್ಟೇ ಗಾಳಿಗೆ ಇ10ಕ್ಕಿಂತ ಇ20 ಸುಮಾರು ನಾಲ್ಕೂವರೆ ಶೇಕಡಾ ಹೆಚ್ಚು ಬೇಕು. ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಅಷ್ಟನ್ನು ಸರಿದೂಗಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಟ್ರಿಮ್ 20 ಶೇಕಡಾ ದಾಟಿದಾಗ ಈ ಕೋಡ್ ಬೀಳುತ್ತದೆ. ಉಳಿದದ್ದು ಮೊದಲಿನಿಂದ ಇದ್ದ ದೋಷ. ಇನ್‌ಟೇಕ್ ಪೈಪಿನ ಬಿರುಕು, ಕಟ್ಟಿದ ಇಂಜೆಕ್ಟರ್, ಸೋತ ಪಂಪ್: ಇದೇ ಕ್ರಮದಲ್ಲಿ ನೋಡಿಸಿ. ಹಳೆಯ ರಬ್ಬರ್ ಪೈಪ್, ವಾಷರುಗಳು ಇ20ಗೆ ಮೆತ್ತಗಾಗಬಹುದು, ಅವನ್ನೂ ಪರೀಕ್ಷಿಸಿ.